ಈ ಮೀನು ಯಾವ ದೇಶದ್ದು?

ಸೇಶೆಲ್ಸ್ ದೇಶದ ದಡದಿಂದ ನೂರು ಮೈಲಿ ದೂರದಲ್ಲಿ ಒಂದು ಟ್ಯೂನಾ ಮೀನು ಬಲೆಗೆ ಬಿತ್ತು ಎಂದುಕೊಳ್ಳಿ. ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ದಡದಿಂದ 200 ನಾಟಿಕಲ್ ಮೈಲಿಯವರೆಗಿನ ಮೀನಿನ ಮೇಲೆ ಹಕ್ಕು ಆ ದೇಶದ್ದೇ. ಮೀನು ರಾಜಧಾನಿ ವಿಕ್ಟೋರಿಯಾದ ಬಂದರಿಗೆ ಬಂತು. ಅಲ್ಲಿಯ ಕಾರ್ಖಾನೆಯಲ್ಲಿ ಬೆಂದು, ಎಣ್ಣೆಯಲ್ಲಿ ಮುಳುಗಿ, ಡಬ್ಬಿ ಸೇರಿತು. ಡಬ್ಬಿ ಹಡಗು ಹತ್ತಿ ಯುರೋಪಿನ ಸುಂಕದ ಕಟ್ಟೆ ತಲುಪಿತು. ಅಲ್ಲಿ ಮೊದಲು ಕೇಳುವ ಪ್ರಶ್ನೆ: ಈ ಮೀನು ಯಾವ ದೇಶದ್ದು?

ಸೇಶೆಲ್ಸ್‌ನದು ಎಂದರೆ ಒಪ್ಪುವುದಿಲ್ಲ. ದಡದಿಂದ 12 ಮೈಲಿಯ ಒಳಗೆ ಹಿಡಿದಿದ್ದರೆ ಸರಿ. ಅದರಾಚೆ ಹಿಡಿದ ಮೀನಿಗೆ ಊರು ಕೊಡುವುದು ನೀರಲ್ಲ, ಹಡಗು. ಹಿಡಿದ ಹಡಗು ಸ್ಪೇನಿನದೋ ಫ್ರಾನ್ಸಿನದೋ ಆಗಿದ್ದರೆ, ಇಲ್ಲವೇ ಒಡೆತನದ ಷರತ್ತು ಪೂರೈಸಿದ ಸೇಶೆಲ್ಸ್ ಧ್ವಜದ ಹಡಗಾಗಿದ್ದರೆ, ಡಬ್ಬಿ ಸುಂಕವಿಲ್ಲದೆ ಒಳಗೆ ಹೋಗುತ್ತದೆ. ಅದೇ ನೀರಿನಲ್ಲಿ, ಅದೇ ದಿನ, ಅದೇ ಜಾತಿಯ ಮೀನನ್ನು ತೈವಾನಿನ ಹಡಗು ಹಿಡಿದಿದ್ದರೆ, ವಿನಾಯಿತಿಯ ಸಣ್ಣ ಕೋಟಾ ಬಿಟ್ಟರೆ, ಶೇ 24ರಷ್ಟು ಸುಂಕ. ವ್ಯಾಪಾರದ ಭಾಷೆಯಲ್ಲಿ ಇದಕ್ಕೆ ಮೂಲದ ನಿಯಮ ಎನ್ನುತ್ತಾರೆ. ಸೇಶೆಲ್ಸ್‌ನ ಕಡಲಿನಲ್ಲಿ ಯಾರು ಬಲೆ ಬೀಸಿದರೆ ಸೇಶೆಲ್ಸ್‌ಗೇ ಲಾಭ ಎಂಬುದನ್ನು ಹೀಗೆ ಬ್ರಸೆಲ್ಸ್‌ನಲ್ಲಿ ಬರೆದ ಒಂದು ನಿಯಮ ತೀರ್ಮಾನಿಸುತ್ತದೆ.

ಜಾಗತೀಕರಣ ಮತ್ತು ಮೀನುಗಾರಿಕೆ ಎಂದೊಡನೆ ಕಣ್ಣೆದುರು ಬರುವುದು ದೈತ್ಯ ಹಡಗು, ಬರಿದಾದ ಕಡಲು, ಕೈಕಟ್ಟಿ ಕುಳಿತ ಬಡ ಮೀನುಗಾರ. ಆ ಚಿತ್ರ ಸುಳ್ಳಲ್ಲ. ಆದರೆ ಸಣ್ಣ ದ್ವೀಪ ದೇಶಗಳ ವಿಷಯದಲ್ಲಿ ಅಷ್ಟನ್ನೇ ನೋಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಅಲ್ಲಿ ಬಲೆಗಿಂತ ಹೆಚ್ಚು ಹಿಡಿಯುವುದು ಕಾಗದ: ಸುಂಕದ ಪಟ್ಟಿ, ಹಡಗಿನ ಧ್ವಜ, ಸಭೆಯೊಂದರ ಮತ, ಸಾಲಪತ್ರ. ಇದನ್ನು ಕಾಣಲು ಹಿಂದೂ ಮಹಾಸಾಗರದ ಇಬ್ಬರು ನೆರೆಯವರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಸೇಶೆಲ್ಸ್‌ನ ನೆಲ ಸುಮಾರು 455 ಚದರ ಕಿಲೋಮೀಟರ್, ಬೆಂಗಳೂರು ಮಹಾನಗರದ ವ್ಯಾಪ್ತಿಗಿಂತ ಕಡಿಮೆ. ಅದರ ಕಡಲು ಸುಮಾರು 13.7 ಲಕ್ಷ ಚದರ ಕಿಲೋಮೀಟರ್, ಅಂದರೆ ಏಳು ಕರ್ನಾಟಕ. ಜನಸಂಖ್ಯೆ ಲಕ್ಷದ ಮೇಲೆ ಸ್ವಲ್ಪ. ಇಷ್ಟು ದೊಡ್ಡ ಹೊಲವನ್ನು ಉಳಲು ಮನೆಯಲ್ಲಿ ಆಳೂ ಇಲ್ಲ, ನೇಗಿಲೂ ಇಲ್ಲ. ಹಾಗಾಗಿ ಗೇಣಿಗೆ ಕೊಟ್ಟಿತು. 2020ರಲ್ಲಿ ಯುರೋಪಿಯನ್ ಒಕ್ಕೂಟದ ಜೊತೆ ಆರು ವರ್ಷದ ಒಪ್ಪಂದವಾಯಿತು: ವರ್ಷಕ್ಕೆ 50 ಸಾವಿರ ಟನ್ ಮೀನಿನ ಲೆಕ್ಕಕ್ಕೆ ಒಕ್ಕೂಟದಿಂದ 53 ಲಕ್ಷ ಯೂರೊ. ಟನ್ನಿಗೆ 106 ಯೂರೊ, ಅಂದರೆ ಕಿಲೋಗೆ ಹತ್ತು ಸೆಂಟ್ ಚಿಲ್ಲರೆ. ಹಡಗಿನ ಮಾಲೀಕರು ಕೊಡುವ ಶುಲ್ಕ ಬೇರೆ ಇದೆ ನಿಜ. ಆದರೂ ಗೇಣಿ ಯಾರ ಕೈಯಲ್ಲಿ ಅಗ್ಗವಾಯಿತು ಎಂದು ಹೇಳಲು ಗಣಿತ ಪಂಡಿತರು ಬೇಕಿಲ್ಲ.

ಆದರೆ ಸೇಶೆಲ್ಸ್ ಸರ್ಕಾರವನ್ನು ದಡ್ಡರ ಕೂಟ ಎಂದುಕೊಳ್ಳುವುದು ತಪ್ಪು. ಅದಕ್ಕೆ ಬೇಕಾಗಿದ್ದದ್ದು ಗೇಣಿಯ ಹಣವೊಂದೇ ಅಲ್ಲ. ಮೀನು ತನ್ನ ಬಂದರಿಗೆ ಬರಬೇಕು, ಹಡಗುಗಳು ಅಲ್ಲಿ ಡೀಸೆಲ್ ಹಾಕಿಸಬೇಕು, ಬಲೆ ರಿಪೇರಿ ಮಾಡಿಸಬೇಕು, ಕಾರ್ಖಾನೆಯ ಬೆಂಕಿ ಆರಬಾರದು. ವಿಕ್ಟೋರಿಯಾದ ಟ್ಯೂನಾ ಕಾರ್ಖಾನೆಯಲ್ಲಿ ಶೇ 60 ಪಾಲು ಥಾಯ್ಲೆಂಡಿನ ಥಾಯ್ ಯೂನಿಯನ್ ಕಂಪನಿಯದು, ಶೇ 40 ಸರ್ಕಾರದ್ದು. ಪ್ರವಾಸೋದ್ಯಮ ಬಿಟ್ಟರೆ ದೇಶ ನಿಂತಿರುವುದು ಈ ಡಬ್ಬಿಗಳ ಮೇಲೆ. ಅಲ್ಲಿ ಮೀನು ಕೊಯ್ಯುವ ಸಾಲಿನಲ್ಲಿ ನಿಂತವರಲ್ಲಿ ಅನೇಕರು ಹೊರದೇಶಗಳಿಂದ ಗುತ್ತಿಗೆಯ ಮೇಲೆ ಬಂದವರು. ಮೀನು ಅಟ್ಲಾಂಟಿಕ್ ತೀರದವರ ಬಲೆಯದು, ಬಂಡವಾಳ ಬ್ಯಾಂಕಾಕಿನದು, ಕೈ ಇನ್ನಾರದೋ, ತಟ್ಟೆ ಯುರೋಪಿನದು. ಸೇಶೆಲ್ಸ್ ಕೊಡುವುದು ನೀರು, ದಕ್ಕೆ ಮತ್ತು ಹೆಸರು. ಸೇಶೆಲ್ಸ್ ಧ್ವಜ ಹಾರಿಸುವ ದೊಡ್ಡ ಬಲೆಯ ಹಡಗುಗಳ ಹಿಂದೆಯೂ ಬಹುಪಾಲು ಇರುವುದು ಸ್ಪೇನಿನ ಹಣವೇ.

ಈಗ ಮಾಲ್ಡೀವ್ಸ್‌ಗೆ ಬರೋಣ. ಇದು ನಮಗೆ ತೀರಾ ಪರಕೀಯ ನೀರಲ್ಲ. ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್ ದ್ವೀಪದವರ ಭಾಷೆ ಮಾಲ್ಡೀವ್ಸ್‌ನವರ ದಿವೇಹಿಯದೇ ಒಂದು ರೂಪ, ಅವರ ಮೀನುಗಾರಿಕೆಯೂ ಅದೇ. ಅದೇ ಲಕ್ಷದ್ವೀಪದ ಉತ್ತರದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ದಿವೇಹಿಯಲ್ಲಿ ಮೀನಿಗೆ ‘ಮಸ್’ ಎನ್ನುತ್ತಾರೆ, ನಮ್ಮ ‘ಮತ್ಸ್ಯ’ದ ಬಳಗದ್ದೇ ಪದ.

ಮಾಲ್ಡೀವ್ಸ್‌ನವರು ಟ್ಯೂನಾ ಹಿಡಿಯುವುದನ್ನು ಹತ್ತಿರದಿಂದ ನೋಡಬೇಕು. ಕೆಲಸ ಶುರುವಾಗುವುದು ದೊಡ್ಡ ಮೀನಿನಿಂದಲ್ಲ, ಬೆರಳುದ್ದದ ಎರೆಮೀನಿನಿಂದ. ಹವಳದ ದಿಬ್ಬಗಳ ಬಳಿ ಅದನ್ನು ಬಲೆ ಇಳಿಸಿ ಜೀವಂತ ಹಿಡಿದು ದೋಣಿಯ ಹೊಟ್ಟೆಯಲ್ಲಿ ತುಂಬುತ್ತಾರೆ. ಆ ಹೊಟ್ಟೆಗೆ ಸಾಂಪ್ರದಾಯಿಕವಾಗಿ ತಳದಲ್ಲೇ ಬೇಕೆಂದು ಕೊರೆದ ತೂತುಗಳಿರುತ್ತವೆ. ಕಡಲಿನ ನೀರು ಒಳಗೆ ಬಂದು ಹೊರಗೆ ಹೋಗುತ್ತಿದ್ದರೆ ಎರೆಮೀನು ಸಾಯುವುದಿಲ್ಲ. ತೂತು ಬಿದ್ದ ದೋಣಿ ಮುಳುಗುತ್ತದೆ ಎಂದು ನಂಬಿದವರಿಗೆ ಇದು ಸೋಜಿಗ. ಮೇಲೆ ಹಕ್ಕಿಗಳ ಹಿಂಡು ಕಂಡಲ್ಲಿ ದೋಣಿ ಓಡುತ್ತದೆ, ಎರೆಮೀನನ್ನು ಎರಚುತ್ತಾರೆ, ಹಿಂಬದಿಯಿಂದ ನೀರು ಚಿಮ್ಮಿಸಿ ನೀರಿನ ಮೇಲ್ಮೈಯನ್ನು ಕದಡುತ್ತಾರೆ. ಟ್ಯೂನಾ ಹುಚ್ಚೆದ್ದು ಮೇಲೆ ಬರುತ್ತದೆ. ಹಿಂಭಾಗದಲ್ಲಿ ಸಾಲಾಗಿ ನಿಂತವರ ಕೈಯಲ್ಲಿ ಉದ್ದ ಕೋಲು, ದಾರ, ಗಾಳ. ಆ ಗಾಳಕ್ಕೆ ಹಿಮ್ಮುಳ್ಳಿಲ್ಲ. ಮೀನು ಕಚ್ಚಿದೊಡನೆ ಕೋಲು ಮೇಲಕ್ಕೆ, ಮೀನು ಹೆಗಲ ಮೇಲಿಂದ ಹಾರಿ ಹಿಂದೆ ಬೀಳುತ್ತದೆ, ಬೀಳುವಾಗಲೇ ಗಾಳ ಕಳಚಿರುತ್ತದೆ. ಒಂದು ಕೋಲಿಗೆ ಒಂದು ಮೀನು. ಬೇಡದ ಆಮೆಯಾಗಲಿ ಶಾರ್ಕ್ ಆಗಲಿ ಹೀಗೆ ಸಿಕ್ಕಿಬೀಳುವುದು ತೀರ ಅಪರೂಪ.

ಇದು ಹೊರಜಗತ್ತು ಮುಟ್ಟದ ಹಳೆಯ ಕಸುಬು ಎಂದು ಭಾವುಕರಾಗುವ ಹಾಗಿಲ್ಲ. 1343ರಲ್ಲಿ ಅಲ್ಲಿಗೆ ಬಂದು ನ್ಯಾಯಾಧೀಶನಾಗಿಯೂ ಕೆಲಸ ಮಾಡಿದ ಇಬ್ನ್ ಬತೂತಾ, ಈ ದ್ವೀಪಗಳ ಒಣಮೀನು ಭಾರತ, ಚೀನಾ, ಯೆಮೆನ್‌ಗೆ ಹೋಗುತ್ತಿದ್ದುದನ್ನು ದಾಖಲಿಸಿದ್ದಾನೆ. ಬೇಯಿಸಿ, ಹೊಗೆಗೊಡ್ಡಿ, ಬಿಸಿಲಿಗೆ ಒಣಗಿಸಿ ಕಟ್ಟಿಗೆಯಷ್ಟು ಗಟ್ಟಿಯಾದ ಆ ಮೀನು ಶತಮಾನಗಳ ಕಾಲ ಶ್ರೀಲಂಕಾದ ಅಡುಗೆಮನೆಯ ಜೀವಾಳ. ಅಲ್ಲಿ ಅದಕ್ಕೆ ಉಂಬಲಕಡ ಎನ್ನುತ್ತಾರೆ. ಮಾಲ್ಡೀವ್ಸ್ ಅದನ್ನು ಮಾರಿ ಅಕ್ಕಿ ಕೊಳ್ಳುತ್ತಿತ್ತು. 1970ರ ದಶಕದ ಆರಂಭದಲ್ಲಿ ವಿದೇಶಿ ವಿನಿಮಯದ ಕೊರತೆಗೆ ಸಿಕ್ಕ ಶ್ರೀಲಂಕಾ ಆಮದಿಗೆ ಕತ್ತರಿ ಹಾಕಿತು. ಒಂದೇ ಗಿರಾಕಿಯನ್ನು ನಂಬಿದ್ದ ಅಂಗಡಿಯ ಬಾಗಿಲಿಗೆ ಬೀಗ ಬೀಳುವ ಸ್ಥಿತಿ. ಆ ಹೊತ್ತಿಗೆ ಸರಿಯಾಗಿ ಜಪಾನಿನ ಕಂಪನಿಗಳ ಶೀತಲ ಹಡಗುಗಳು ಬಂದು, ಹಸಿ ಮೀನನ್ನು ಕಡಲಿನಲ್ಲೇ ತೂಗಿ ಕೊಳ್ಳತೊಡಗಿದವು. 1974ರಿಂದ ದೋಣಿಗಳಿಗೆ ಎಂಜಿನ್ ಬಂತು. ಫೆಲಿವರು ದ್ವೀಪದಲ್ಲಿ ಡಬ್ಬಿ ಕಾರ್ಖಾನೆ ಬಂತು.

ಈ ತಿರುವಿನಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿ ಇದೆ. ಮೀನು ಹಿಡಿಯುವುದು ಗಂಡಸರ ಕೆಲಸವಾಗಿತ್ತು, ಬೇಯಿಸಿ ಒಣಗಿಸಿ ಮಾರಾಟಕ್ಕೆ ಸಿದ್ಧಪಡಿಸುವುದು ಹೆಂಗಸರದು. ಹಸಿ ಮೀನು ಕಡಲಿನಲ್ಲೇ ಮಾರಾಟವಾದ ಮೇಲೆ ದಡದಲ್ಲಿದ್ದ ಒಲೆಗಳು ಒಂದೊಂದಾಗಿ ಆರಿದವು. ರಫ್ತಿನ ಅಂಕಿ ಏರಿತು, ಮನೆಯ ಹೆಂಗಸಿನ ಕೈಗೆ ಬರುತ್ತಿದ್ದ ಪಾಲು ಹೋಯಿತು. ದೇಶದ ಒಟ್ಟು ಉತ್ಪನ್ನದ ಲೆಕ್ಕದಲ್ಲಿ ಇಂಥದ್ದು ಎಲ್ಲಿಯೂ ಕಾಣುವುದಿಲ್ಲ.

ಆಮೇಲೆ ಬಂದದ್ದು ಯುರೋಪಿನ ಪರ್ವ. ಬಡ ದೇಶ ಎಂಬ ಪಟ್ಟಿಯಲ್ಲಿದ್ದಷ್ಟು ಕಾಲ ಮಾಲ್ಡೀವ್ಸ್‌ನ ಮೀನಿಗೆ ಅಲ್ಲಿ ಸುಂಕವಿರಲಿಲ್ಲ. 2004ರ ಡಿಸೆಂಬರ್ 20ರಂದು ವಿಶ್ವಸಂಸ್ಥೆಯ ಮಹಾಸಭೆ ಮಾಲ್ಡೀವ್ಸ್ ಆ ಪಟ್ಟಿಯಿಂದ ಮೇಲೇರಲು ಅರ್ಹ ಎಂದು ತೀರ್ಮಾನಿಸಿತು. ಆರು ದಿನಕ್ಕೆ ಸುನಾಮಿ ಬಂತು. ಬಡ್ತಿ ಮುಂದೂಡಿಕೆಯಾಗಿ 2011ರಲ್ಲಿ ಜಾರಿಯಾಯಿತು. 2014ರ ಜನವರಿಯಿಂದ ಸುಂಕದ ರಿಯಾಯಿತಿ ನಿಂತುಹೋಯಿತು. ರಿಯಾಯಿತಿ ಮುಂದುವರಿಸಿ ಎಂದು ಕೇಳಿಕೊಂಡದ್ದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು. ಅದಕ್ಕೆ ಬೇಕಾದ ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಕಲಮು ಅಡ್ಡ ಬಂತು ಎಂದು ಮಾಲ್ಡೀವ್ಸ್ ಸರ್ಕಾರ ಆಗ ಹೇಳಿತ್ತು. ಆ ಕಲಮಿನ ವಿಷಯದಲ್ಲಿ ಯುರೋಪಿನ ನಿಲುವೇ ಸರಿ ಎನ್ನಬಹುದು. ಆದರೆ ಧರ್ಮದ ಕಾನೂನಿಗೂ ಕೋಲು ಹಿಡಿದು ನಿಂತವನ ಮೀನಿನ ದರಕ್ಕೂ ಗಂಟು ಬೀಳುವುದು ಹೀಗೆ.

ಇನ್ನೊಂದು ಸೂಕ್ಷ್ಮ ಸುಂಕದ ಪಟ್ಟಿಯಲ್ಲೇ ಅಡಗಿದೆ. ಕಾರ್ಖಾನೆಗೆ ಹೋಗುವ ಇಡೀ ಹೆಪ್ಪುಗಟ್ಟಿದ ಟ್ಯೂನಾಕ್ಕೆ ಯುರೋಪಿನಲ್ಲಿ ಸುಂಕ ಸೊನ್ನೆ. ಅದನ್ನೇ ಬೇಯಿಸಿ ಡಬ್ಬಿಗೆ ತುಂಬಿ ತಂದರೆ ಶೇ 24. ಕಚ್ಚಾ ಮಾಲು ಕೊಡು, ಕೆಲಸ ನಾವು ಮಾಡಿಕೊಳ್ಳುತ್ತೇವೆ ಎಂಬುದು ಹತ್ತಿಯ ಕಾಲದಿಂದ ನಮಗೂ ಗೊತ್ತಿರುವ ರಾಗ. ಮಾಲ್ಡೀವ್ಸ್‌ನ ಟ್ಯೂನಾದ ದೊಡ್ಡ ಪಾಲು ಇವತ್ತು ಹೆಪ್ಪುಗಟ್ಟಿಸಿದ ರೂಪದಲ್ಲೇ ಥಾಯ್ಲೆಂಡಿಗೆ ಹೋಗುತ್ತದೆ. ಬ್ಯಾಂಕಾಕಿನಲ್ಲಿ ದರ ಬಿದ್ದರೆ ಅದು ಮಾಲ್ಡೀವ್ಸ್ ರಾಜಧಾನಿ ಮಾಲೆಯ ದಕ್ಕೆಗೆ ತಲುಪಲು ಹೆಚ್ಚು ದಿನ ಬೇಡ. ದೋಣಿಯ ಆಳುಗಳಿಗೆ ಸಂಬಳವಿಲ್ಲ, ಡೀಸೆಲ್ ಖರ್ಚು ಕಳೆದು ಉಳಿದುದರಲ್ಲಿ ಪಾಲು. ಖರೀದಿ ದರ ಇಳಿದಾಗ, ಹಣ ತಡವಾದಾಗ ಅವರು ಬೀದಿಗಿಳಿದದ್ದುಂಟು.

ಹಾಗಾದರೆ ಒಳ್ಳೆಯ ರೀತಿಯಲ್ಲಿ ಹಿಡಿದ ಮೀನಿಗೆ ಒಳ್ಳೆಯ ಬೆಲೆ ಸಿಗಬಾರದೇ? ಮಾಲ್ಡೀವ್ಸ್ ಆ ದಾರಿಯನ್ನೂ ಹಿಡಿಯಿತು. 2010ರಲ್ಲಿ ಶಾರ್ಕ್ ಬೇಟೆಯನ್ನು ಪೂರ್ತಿ ನಿಷೇಧಿಸಿತು. 2012ರಲ್ಲಿ ಅದರ ಗಾಳದ ಟ್ಯೂನಾಕ್ಕೆ ಎಂಎಸ್‌ಸಿ ಎಂಬ ಸುಸ್ಥಿರ ಮೀನುಗಾರಿಕೆಯ ನೀಲಿ ಮುದ್ರೆ ಸಿಕ್ಕಿತು. 2018ರಲ್ಲಿ ಅದೇ ಸಾಗರದಲ್ಲಿ ದೊಡ್ಡ ಬಲೆಯಿಂದ ಹಿಡಿಯುವ ಸ್ಪೇನಿನ ಕಂಪನಿಯೊಂದಕ್ಕೂ ಅದೇ ಮುದ್ರೆ ಬಿತ್ತು. ಗಾಳದ ಮೀನುಗಾರರ ಪರ ಸಂಘಟನೆಯ ಆಕ್ಷೇಪ ತಿರಸ್ಕೃತವಾಯಿತು. ಅಂಗಡಿಯ ಕಪಾಟಿನ ಎದುರು ನಿಂತ ಗಿರಾಕಿಗೆ ಎರಡೂ ಡಬ್ಬಿಯ ಮೇಲೆ ಒಂದೇ ನೀಲಿ ಮೀನು.

ಆ ದೊಡ್ಡ ಬಲೆ ನಮ್ಮ ಕರಾವಳಿಗೆ ಹೊಸದಲ್ಲ. ಮೀನಿನ ಹಿಂಡನ್ನು ಸುತ್ತುವರಿದು ಅಡಿಯಿಂದ ಬಿಗಿಯುವ ಈ ಪರ್ಸೀನ್ ಎಂದರೆ ಮಲ್ಪೆಯಲ್ಲಿ ಮಕ್ಕಳಿಗೂ ಗೊತ್ತು. 1970ರ ದಶಕದ ಕೊನೆಯಲ್ಲಿ ದಡದಿಂದ ಎಳೆಯುವ ರಂಪಣಿ ಬಲೆಯ ಕಾಲ ಮುಗಿಸಿದ್ದು ಅದೇ. ಟ್ಯೂನಾ ಹಿಡಿಯುವ ಯುರೋಪಿನ ಪರ್ಸೀನ್ ಹಡಗು ಅದರ ಎಷ್ಟೋ ಪಟ್ಟು ದೊಡ್ಡದು, ಜೊತೆಗೆ ಒಂದು ಉಪಾಯ ಉಂಟು. ಬಿದಿರಿನದೋ ಪ್ಲಾಸ್ಟಿಕ್ಕಿನದೋ ತೆಪ್ಪ, ಅದರ ಕೆಳಗೆ ಜೋತುಬಿದ್ದ ಹಗ್ಗ, ಹಳೆಯ ಬಲೆ. ಮೇಲೆ ಉಪಗ್ರಹಕ್ಕೆ ಸಂದೇಶ ಕಳಿಸುವ, ಬೋಯೆ ಎಂಬ ತೇಲುಸಾಧನ. ತೇಲುವ ಯಾವುದರ ಕೆಳಗಾದರೂ ಗುಂಪುಗೂಡುವುದು ಟ್ಯೂನಾದ ಸ್ವಭಾವ. ಎಷ್ಟು ಮೀನು ಸೇರಿದೆ ಎಂದು ಬೋಯೆಯೇ ಹಡಗಿಗೆ ತಿಳಿಸುತ್ತದೆ. ತೊಂದರೆ ಏನೆಂದರೆ ಆ ತೆಪ್ಪದಡಿ ಬೆಳೆದ ಸ್ಕಿಪ್‌ಜ್ಯಾಕ್ ಟ್ಯೂನಾದ ಜೊತೆಗೆ ಹಳದಿ ರೆಕ್ಕೆಯ ಟ್ಯೂನಾದ ಮರಿಗಳೂ ಸೇರುತ್ತವೆ. ಬಲೆಗೆ ವಯಸ್ಸು ಕೇಳುವ ಅಭ್ಯಾಸವಿಲ್ಲ.

2015ರ ಅಂದಾಜಿನಲ್ಲಿ ಹಳದಿ ರೆಕ್ಕೆಯ ಟ್ಯೂನಾ ಮಿತಿಮೀರಿ ಹಿಡಿದ ಸ್ಥಿತಿಗೆ ಬಂದಿತ್ತು. 2024ರ ಹೊಸ ಅಂದಾಜು ಅಷ್ಟು ಕೆಟ್ಟದಾಗಿಲ್ಲ ಎಂದಿದೆ. ಸ್ಕಿಪ್‌ಜ್ಯಾಕ್‌ಗೆ ಹಿಡಿತದ ಮಿತಿ ಲೆಕ್ಕ ಹಾಕುವ ನಿಯಮವನ್ನು 2016ರಲ್ಲಿ ಮುಂದೆ ನಿಂತು ತಂದದ್ದು ಮಾಲ್ಡೀವ್ಸ್. ಅದರಂತೆ ಮಿತಿ ಸುಮಾರು 4.7 ಲಕ್ಷ ಟನ್ ಎಂದು ನಿಗದಿಯಾಯಿತು. 2018ರಲ್ಲಿ ಹಿಡಿದದ್ದು 6 ಲಕ್ಷ ಟನ್ ದಾಟಿತು.

ಇಲ್ಲಿ ಇಬ್ಬರು ನೆರೆಯವರು ಎದುರುಬದುರಾದರು. 2023ರ ಫೆಬ್ರುವರಿಯಲ್ಲಿ ಮೊಂಬಾಸಾದಲ್ಲಿ, ಈ ಕಡಲಿನ ಟ್ಯೂನಾಕ್ಕೆ ನಿಯಮ ಮಾಡುವ ದೇಶಗಳ ಕೂಟವಾದ ಹಿಂದೂ ಮಹಾಸಾಗರ ಟ್ಯೂನಾ ಆಯೋಗದ ವಿಶೇಷ ಸಭೆ. ಇಂಡೋನೇಷ್ಯಾದ ಮುಂದಾಳತ್ವದಲ್ಲಿ ಕರಾವಳಿ ದೇಶಗಳ ಪ್ರಸ್ತಾವ: ವರ್ಷಕ್ಕೆ 72 ದಿನ ತೇಲು ತೆಪ್ಪಗಳ ಮೀನುಗಾರಿಕೆ ನಿಲ್ಲಲಿ. ಮಾಲ್ಡೀವ್ಸ್ ಅದರ ಪರ. ಮತಕ್ಕೆ ಹಾಕಿದರು, ಪ್ರಸ್ತಾವ ಗೆದ್ದಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಯೋಗದ ನಿಯಮದಂತೆ ಸೋತವರು ಆಮೇಲೆ ಲಿಖಿತ ಆಕ್ಷೇಪ ಸಲ್ಲಿಸಬಹುದು, ಸಲ್ಲಿಸಿದವರಿಗೆ ನಿರ್ಣಯ ಅನ್ವಯಿಸುವುದಿಲ್ಲ. ಮೂರನೇ ಒಂದಕ್ಕಿಂತ ಹೆಚ್ಚು ಸದಸ್ಯರು ಆಕ್ಷೇಪಿಸಿದರೆ ನಿರ್ಣಯ ಯಾರನ್ನೂ ಕಟ್ಟಿಹಾಕದು. ಯುರೋಪಿಯನ್ ಒಕ್ಕೂಟ ಆಕ್ಷೇಪಿಸಿತು. ಒಂದೊಂದೇ ದೇಶ ಸೇರಿಕೊಂಡಿತು, ಅವುಗಳಲ್ಲಿ ಸೇಶೆಲ್ಸ್ ಕೂಡ. ನಿರ್ಣಯ ಬಿದ್ದುಹೋಯಿತು. 2024ರಲ್ಲಿ ಬಂದ ರಾಜಿಯಲ್ಲಿ ರಜೆ ಇಲ್ಲ, ಪ್ರತಿ ಹಡಗಿನ ಬೋಯೆಗಳ ಸಂಖ್ಯೆ ಹಂತಹಂತವಾಗಿ ಇಳಿಯುತ್ತದೆ ಅಷ್ಟೇ.

ಸೇಶೆಲ್ಸ್ ಯುರೋಪಿನ ಕೈಗೊಂಬೆಯಾಯಿತು ಎಂದು ಬೈದವರು ಬಹಳ. ನನಗೆ ಹಾಗೆ ಅನ್ನಿಸುವುದಿಲ್ಲ. 72 ದಿನ ಹಡಗು ಬರದಿದ್ದರೆ ವಿಕ್ಟೋರಿಯಾದ ಕಾರ್ಖಾನೆಗೆ ಬೇರೆಡೆಯಿಂದ ಮೀನು ತರಿಸಬಹುದು, ಆದರೆ ಮೂಲದ ನಿಯಮ ನೆನಪಿದೆಯಲ್ಲ? ತೈವಾನಿನ ಮೀನಿನ ಡಬ್ಬಿಗೆ ಶೇ 24. ಆಕ್ಷೇಪಕ್ಕೆ ಸಹಿ ಹಾಕಿದ ಕೈ ಸೇಶೆಲ್ಸ್‌ನದೇ, ಆ ಕೈ ಯಾವ ಕಡೆ ವಾಲಬೇಕು ಎಂದು ಸುಂಕದ ಪಟ್ಟಿ ಎಂದೋ ಬರೆದಿಟ್ಟಿತ್ತು.

ಅದರ ಬೆಲೆಯನ್ನೂ ಸೇಶೆಲ್ಸೇ ತೆರುತ್ತಿದೆ. ಅದರ ಅಲ್ಡಾಬ್ರಾ ಹವಳ ದ್ವೀಪ ವಿಶ್ವ ಪರಂಪರೆಯ ತಾಣ, ದೈತ್ಯ ಆಮೆಗಳ ತವರು. ಊರೇ ಇಲ್ಲದ ದ್ವೀಪ. 2019ರಲ್ಲಿ ಸ್ವಯಂಸೇವಕರು ಅಲ್ಲಿಂದ 25 ಟನ್ ಪ್ಲಾಸ್ಟಿಕ್ ಕಸ ತೆಗೆದರು. ಉಳಿದದ್ದು 500 ಟನ್ನಿಗೂ ಹೆಚ್ಚು ಎಂದು ಅಂದಾಜು, ತೂಕದ ಲೆಕ್ಕದಲ್ಲಿ ಶೇ 80ಕ್ಕೂ ಮಿಕ್ಕಿ ಮೀನುಗಾರಿಕೆಯ ಹಗ್ಗ, ಬಲೆ, ಸಾಮಗ್ರಿ. ಅದನ್ನೆಲ್ಲ ಗುಡಿಸಲು ಬೇಕಾಗುವ ಹಣ 46 ಲಕ್ಷ ಡಾಲರ್ ಮೀರುತ್ತದೆ. ಮೇಲಿನ 53 ಲಕ್ಷ ಯೂರೊದ ಪಕ್ಕದಲ್ಲಿ ಇದನ್ನಿಟ್ಟು ನೋಡಬಹುದು.

ಇದೇ ದೇಶ ಸಾಲದ ಒಂದಷ್ಟು ಭಾಗವನ್ನು ಕಡಲ ರಕ್ಷಣೆಯ ಮಾತಿಗೆ ಬದಲಾಯಿಸಿಕೊಂಡು, 2020ರಲ್ಲಿ ತನ್ನ ಕಡಲಿನ ಶೇ 30ನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು. ಒಂದು ಕೈಯಲ್ಲಿ ಸಂರಕ್ಷಣೆಯ ಪತ್ರ, ಇನ್ನೊಂದರಲ್ಲಿ ತೆಪ್ಪದ ಪರ ಆಕ್ಷೇಪಣೆ. ಎರಡಕ್ಕೂ ಸಹಿ ಹಾಕಿಸಿದ್ದು ಹೊರಗಿನ ಒತ್ತಡ, ಒಳಗಿನ ಅಗತ್ಯ ಎರಡೂ.

ಹಾಗೆಂದು ದ್ವೀಪ ದೇಶಗಳು ಯಾವಾಗಲೂ ಸೋಲುತ್ತವೆ ಎಂದೇನಿಲ್ಲ. ಪೆಸಿಫಿಕ್‌ನಲ್ಲಿ ಆಟವೇ ಬೇರೆ. 1984ರಲ್ಲಿ ಸಾಲೊಮನ್ ದ್ವೀಪಗಳು ಪರವಾನಗಿ ಇಲ್ಲದೆ ಮೀನು ಹಿಡಿಯುತ್ತಿದ್ದ ಅಮೆರಿಕದ ಹಡಗೊಂದನ್ನು ವಶಪಡಿಸಿಕೊಂಡಾಗ, ಅಮೆರಿಕ ಆ ದೇಶದ ಟ್ಯೂನಾ ಆಮದನ್ನೇ ನಿಷೇಧಿಸಿತ್ತು. ಮರುವರ್ಷ ಕಿರಿಬಾಟಿ ಸೋವಿಯತ್ ಒಕ್ಕೂಟಕ್ಕೆ ಪರವಾನಗಿ ಮಾರಿತು. (ಬರೆಯುವುದು ಕಿರಿಬಾಟಿ, ಅವರು ಉಚ್ಚರಿಸುವುದು ಕಿರಿಬಾಸ್.) ಶೀತಲ ಸಮರದ ಕಾಲ, ವಾಷಿಂಗ್ಟನ್‌ಗೆ ದಿಗಿಲಾಯಿತು. 1987ರಲ್ಲಿ ಅಮೆರಿಕ ಬಂದು ಹಣ ಕೊಡುವ ಒಪ್ಪಂದಕ್ಕೆ ಸಹಿ ಹಾಕಿತು.

ಆದರೆ ನಿಜವಾದ ಪಟ್ಟು ಬಂದದ್ದು 2007ರಲ್ಲಿ. ಟ್ಯೂನಾ ಮೀನುಗಾರಿಕೆಯನ್ನು ಒಟ್ಟಾಗಿ ನೋಡಿಕೊಳ್ಳಲು ಆದ 1982ರ ನೌರು ಒಪ್ಪಂದದ ಎಂಟು ಪೆಸಿಫಿಕ್ ದೇಶಗಳು ಮೀನಿನ ಬದಲು ದಿನಗಳನ್ನು ಮಾರಲು ಶುರುಮಾಡಿದವು. ಒಟ್ಟು ಸುಮಾರು 45 ಸಾವಿರ ಹಡಗು-ದಿನ. ಒಂದು ಹಡಗು ಒಂದು ದಿನ ಬಲೆ ಹಾಕಲು ಕನಿಷ್ಠ ಇಷ್ಟು ಎಂದು ದರ ಕಟ್ಟಿದರು, 2015ರ ಹೊತ್ತಿಗೆ ಅದು 8 ಸಾವಿರ ಡಾಲರ್. ಹಡಗು ಮೀನು ಹಿಡಿಯಲಿ ಬಿಡಲಿ, ಬಾಡಿಗೆ ಬಾಡಿಗೆಯೇ. ಎಷ್ಟು ಟನ್ ಹಿಡಿದೆ ಎಂದು ಸುಳ್ಳು ಹೇಳುವ ಗೊಡವೆಯೂ ಇಲ್ಲ. ಜಗತ್ತಿನ ಟ್ಯೂನಾದ ಅರ್ಧಕ್ಕೂ ಹೆಚ್ಚು ಬರುವುದು ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್‌ನಿಂದ, ಆದ್ದರಿಂದ ಈ ಎಂಟು ದೇಶ ಕೂಡಿ ನಿಂತರೆ ಹಡಗಿನವರಿಗೆ ಹೋಗಲು ಬೇರೆ ಜಾಗ ಕಡಿಮೆ. 2010ರ ಸುಮಾರಿಗೆ 6 ಕೋಟಿ ಡಾಲರ್ ಇದ್ದ ಆದಾಯ ಒಂದು ದಶಕದೊಳಗೆ 50 ಕೋಟಿಯ ಆಸುಪಾಸಿಗೆ ಏರಿತು. ಮಾಲು ಅದೇ, ಗಿರಾಕಿಗಳೂ ಅವರೇ. ಬದಲಾದದ್ದು ಮಾರುವವರು ಒಬ್ಬೊಬ್ಬರಾಗಿ ಬರದೆ ಒಟ್ಟಿಗೆ ಬಂದದ್ದು. ಹಿಂದೂ ಮಹಾಸಾಗರದಲ್ಲಿ ಇದು ಏಕೆ ಆಗಲಿಲ್ಲ ಎಂದರೆ, ಅಲ್ಲಿ ಮೀನು ಹಿಡಿಯುವ ದೊಡ್ಡ ಪಾಲಿನ ನೀರು ಯಾರದೂ ಅಲ್ಲದ ಹೊರಸಾಗರ. ಜೊತೆಗೆ ಮಾಲ್ಡೀವ್ಸ್‌ನವರು ತಾವೇ ಮೀನುಗಾರರು, ಸೇಶೆಲ್ಸ್ ಭೂಮಾಲೀಕ. ಉಳುವವನೂ ಒಡೆಯನೂ ಒಂದೇ ಸಂಘ ಕಟ್ಟುವುದು ಸುಲಭವಲ್ಲ.

ಕಿರಿಬಾಟಿಯ ನೆಲ ಸುಮಾರು 811 ಚದರ ಕಿಲೋಮೀಟರ್, ಕಡಲು 35 ಲಕ್ಷ. ಭಾರತದ ನೆಲಕ್ಕಿಂತ ಹೆಚ್ಚು. ಸರ್ಕಾರದ ಆದಾಯದ ಬಹುಪಾಲು ಮೀನಿನ ಪರವಾನಗಿಯಿಂದಲೇ. 2015ರಲ್ಲಿ ಅದು ಫೀನಿಕ್ಸ್ ದ್ವೀಪಗಳ ಸುತ್ತ 4 ಲಕ್ಷ ಚದರ ಕಿಲೋಮೀಟರ್ ಕಡಲಿನಲ್ಲಿ ವಾಣಿಜ್ಯ ಮೀನುಗಾರಿಕೆ ನಿಲ್ಲಿಸಿ ಜಗತ್ತಿನ ಮೆಚ್ಚುಗೆ ಪಡೆಯಿತು. 2021ರಲ್ಲಿ ಅದನ್ನು ಮತ್ತೆ ತೆರೆಯುವುದಾಗಿ ಹೇಳಿದಾಗ ಮೆಚ್ಚಿದವರೇ ಮೂಗು ಮುರಿದರು. ಮೆಚ್ಚುಗೆಯಿಂದ ಆಸ್ಪತ್ರೆ ನಡೆಯುವುದಿಲ್ಲ ಎಂಬುದನ್ನು ಬೊಕ್ಕಸ ನೋಡುವವರು ಬಲ್ಲರು.

ಅದೇ 2021ರ ಆಗಸ್ಟ್‌ನಲ್ಲಿ ಪೆಸಿಫಿಕ್ ದ್ವೀಪಗಳ ವೇದಿಕೆಯ ನಾಯಕರು ಒಂದು ಘೋಷಣೆ ಹೊರಡಿಸಿದರು: ಸಮುದ್ರ ಏರಿ ದಡವೇ ಕೊಚ್ಚಿಹೋದರೂ, ಒಮ್ಮೆ ಗುರುತಿಸಿದ ನಮ್ಮ ಕಡಲ ಗಡಿಗಳು ಕದಲುವುದಿಲ್ಲ. ಅದೇ ವರ್ಷ ವಿಜ್ಞಾನಿಗಳ ಒಂದು ಅಧ್ಯಯನವೂ ಪ್ರಕಟವಾಯಿತು. ಇಂಗಾಲದ ಹೊಗೆ ಈಗಿನಂತೆ ಏರುತ್ತಲೇ ಹೋದರೆ 2050ರ ಹೊತ್ತಿಗೆ ಹತ್ತು ಪೆಸಿಫಿಕ್ ದ್ವೀಪ ದೇಶಗಳ ಕಡಲಿನಲ್ಲಿ ಪರ್ಸೀನ್ ಹಡಗುಗಳು ಹಿಡಿಯುವ ಟ್ಯೂನಾ ಸರಾಸರಿ ಶೇ 20ರಷ್ಟು ಕುಸಿಯಬಹುದು ಎನ್ನುತ್ತದೆ ಅದು. ಬಿಸಿಯಾದ ನೀರು ಬಿಟ್ಟು ಮೀನು ಪೂರ್ವಕ್ಕೆ, ಹೊರಸಾಗರಕ್ಕೆ ಸರಿಯುತ್ತದೆ. ಅಲ್ಲಿ ದಿನ ಮಾರುವ ಹಕ್ಕು ಯಾರಿಗೂ ಇಲ್ಲ. ಹಡಗಿನವರಿಗೆ ಇದರಿಂದ ದೊಡ್ಡ ಕಷ್ಟವೇನೂ ಕಾಣದು. ಅದೇ ಮೀನು ಗೆರೆಯ ಆಚೆ ಸಿಗುತ್ತದೆ, ದಿನಕ್ಕೆ 8 ಸಾವಿರ ಡಾಲರ್ ಉಳಿಯುತ್ತದೆ.